ಅಬ್ಬಾ ಅಂಗಡಿಯಲ್ಲಿ ಲಿನಕ್ಸ್

ನಮ್ಮ ಅಬ್ಬಾ ಅವರದು ಶಹಾಪುರದ ತಹಶೀಲ್ದಾರ್ ಕಚೇರಿ ಹತ್ತಿರ ಒಂದು ಸಣ್ಣ ಟೈಪಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಜೆರಾಕ್ಸ್ ಮಷಿನ್, ಒಂದು ಪ್ರಿಂಟರ್, ಒಂದು ಹಳೆಯ ಕಂಪ್ಯೂಟರ್. ಜೂನ್ ತಿಂಗಳು ಬಂತೆಂದರೆ ಅಂಗಡಿ ಮುಂದೆ ಜನ ನಿಲ್ಲುತ್ತಾರೆ. ಕಾಲೇಜು ಪ್ರವೇಶ, ಸ್ಕಾಲರ್‌ಶಿಪ್, ಜಾತಿ-ಆದಾಯ ಪ್ರಮಾಣಪತ್ರ, ಪಹಣಿಯಲ್ಲಿ ಹೆಸರು ತಿದ್ದುಪಡಿ, ಹೀಗೆ ಎಲ್ಲರಿಗೂ ಒಂದೊಂದು ಅರ್ಜಿ ಬೇಕು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ ಜೂನ್‌ನಲ್ಲಿಯೇ ಆ ಕಂಪ್ಯೂಟರ್ ಕೈಕೊಟ್ಟಿತು. ಯಾರೋ ತಂದ ಪೆನ್ ಡ್ರೈವ್‌ನಲ್ಲಿ ವೈರಸ್ ಇತ್ತು. ಮರುದಿನ ಬೆಳಿಗ್ಗೆ ತೆರೆದು ನೋಡಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಕ್ಲಿಕ್ ಮಾಡಿದರೆ ಒಳಗೆ ಏನೂ ಇಲ್ಲ. ಆರೇಳು ವರ್ಷಗಳಿಂದ ಕೂಡಿಟ್ಟ ಅರ್ಜಿ ನಮೂನೆಗಳು, ಅಫಿಡವಿಟ್‌ಗಳು, ಜನರ ಫೋಟೊಗಳು ಎಲ್ಲವೂ ಮಾಯ. "ಸಾಹೇಬ್ರ, ನಮ್ ಅರ್ಜಿ ಎಲ್ಲಿ ಹೋತ್ರಿ?" ಎಂದು ಒಬ್ಬ ಮುದುಕರು ಕೇಳಿದರು. ಅಬ್ಬಾ ಉತ್ತರ ಕೊಡದೆ ಪ್ರಿಂಟರ್ ಮೇಲಿನ ಧೂಳು ಒರೆಸುತ್ತಿದ್ದರು. ರಿಪೇರಿ ಮಾಡುವವರು ಬಂದು ನೋಡಿ, "ಫಾರ್ಮ್ಯಾಟ್ ಹೊಡೀಬೇಕ್ರಿ, ಡೇಟಾ ಉಳಿಯಂಗಿಲ್ಲ" ಅಂದರು.

ಅದೇ ವಾರ ಕಲಬುರಗಿಯಲ್ಲಿ ಡಿಪ್ಲೊಮಾ ಓದುತ್ತಿದ್ದ ನಮ್ಮ ಖಾಲಾ ಅವರ ಮಗ ಊರಿಗೆ ಬಂದಿದ್ದರು. ನಾನು ಅವರನ್ನು ಭಾಯಿಜಾನ್ ಎಂದು ಕರೆಯುತ್ತೇನೆ. ಅವರು ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಕಂಪ್ಯೂಟರ್‌ಗೆ ಹಾಕಿ, ಆನ್ ಮಾಡುವಾಗ ಒಂದು ಕೀ ಒತ್ತಿದರು. ಎರಡು ಮೂರು ನಿಮಿಷದಲ್ಲಿ ನಾನು ಎಂದೂ ನೋಡಿರದ ಪರದೆ ತೆರೆದುಕೊಂಡಿತು. ಅದು ಲಿನಕ್ಸ್ ಮಿಂಟ್. ಇನ್‌ಸ್ಟಾಲ್ ಮಾಡಿರಲಿಲ್ಲ, ಪೆನ್ ಡ್ರೈವ್‌ನಿಂದಲೇ ನಡೆಯುತ್ತಿತ್ತು. ಹಾರ್ಡ್ ಡಿಸ್ಕ್ ತೆರೆದರೆ ಅಬ್ಬಾ ಅವರ ಫೋಲ್ಡರ್‌ಗಳೆಲ್ಲ ಒಂದೂ ಬಿಡದೆ ಅಲ್ಲಿದ್ದವು!

ಇದರಲ್ಲಿ ಜಾದೂ ಏನೂ ಇರಲಿಲ್ಲ. ಆ ವೈರಸ್ ಫೈಲ್‌ಗಳನ್ನು ಅಳಿಸಿರಲಿಲ್ಲ. ಅವುಗಳ ಮೇಲೆ 'ಅಡಗಿಸಿಡು' ಎಂಬ ಗುರುತು ಹಾಕಿ, ಅವುಗಳ ಜಾಗದಲ್ಲಿ ಸುಳ್ಳು ಶಾರ್ಟ್‌ಕಟ್ ಇಟ್ಟಿತ್ತು. ಆ ಗುರುತನ್ನು ವಿಂಡೋಸ್ ಪಾಲಿಸುತ್ತದೆ. ಲಿನಕ್ಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಅಬ್ಬಾ ಕುರ್ಚಿಯಿಂದ ಎದ್ದು ನಿಂತು ಪರದೆ ನೋಡಿದರು. ಆಮೇಲೆ ಭಾಯಿಜಾನ್‌ಗೆ ಚಹಾ ತರಿಸಿದರು. ನನ್ನ ಲಿನಕ್ಸ್ ಹುಚ್ಚು ಶುರುವಾದದ್ದು ಅಂದಿನಿಂದ.

ಅಂಗಡಿಯ ಚಹಾ ಕುಡಿಯುತ್ತಲೇ ಭಾಯಿಜಾನ್ ಇನ್ನೊಂದು ಕಥೆ ಹೇಳಿದರು. ಅಮೆರಿಕದ ಎಂಐಟಿ ಎಂಬ ಪ್ರಸಿದ್ಧ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್ ಇದ್ದರು. 1980ರ ಸುಮಾರಿಗೆ ಅಲ್ಲಿಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡ ಕೂಡಲೇ ಕಂಪ್ಯೂಟರ್‌ಗೆ ಸುದ್ದಿ ಮುಟ್ಟುವಂತೆ ಪ್ರೋಗ್ರಾಂ ತಿದ್ದಲು ಸ್ಟಾಲ್ಮನ್ ಬಯಸಿದರು. ಹಳೆಯ ಪ್ರಿಂಟರ್‌ಗೆ ಅವರು ಹಾಗೆ ಮಾಡಿದ್ದರು. ಆದರೆ ಈ ಹೊಸದರ ಮೂಲ ಕೋಡ್ ಕೇಳಿದಾಗ, ಬೇರೆಯವರಿಗೆ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂಬ ಉತ್ತರ ಬಂತು. ಆ ಬೇಸರ ಅವರ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಅವರು, ಯಾರು ಬೇಕಾದರೂ ಬಳಸಬಹುದಾದ, ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳನ್ನು ಕಟ್ಟುವ 'ಗ್ನು' ಯೋಜನೆಯನ್ನು ಘೋಷಿಸಿದರು. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡದ್ದರಿಂದ ಇಷ್ಟೆಲ್ಲ ಆಯಿತೆಂದು ಕೇಳಿ ಅಬ್ಬಾ ನಕ್ಕುಬಿಟ್ಟರು. "ಹಂಗಾದ್ರ ನಾನು ದಿನಕ್ಕೊಂದು ಚಳವಳಿ ಮಾಡ್ಬೇಕಾಗಿತ್ತು" ಅಂದರು.

ಗ್ನು ಯೋಜನೆಯಲ್ಲಿ ಬಹಳಷ್ಟು ಭಾಗ ಸಿದ್ಧವಾಗಿದ್ದರೂ ಯಂತ್ರದ ಜೊತೆ ನೇರವಾಗಿ ಮಾತಾಡುವ ತಿರುಳು, ಅಂದರೆ ಕರ್ನೆಲ್, ಸಿದ್ಧವಾಗಿರಲಿಲ್ಲ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ ಇಂಟರ್ನೆಟ್‌ನ ಒಂದು ಚರ್ಚಾ ಗುಂಪಿನಲ್ಲಿ ಚಿಕ್ಕ ಸಂದೇಶ ಹಾಕಿದ. ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿಯೂ, ಅದು ದೊಡ್ಡದೇನೂ ಆಗಲಾರದೆಂದೂ ತಿಳಿಸಿ, ನಿಮಗೆ ಏನೇನು ಬೇಕು ಹೇಳಿ ಎಂದು ಕೇಳಿದ. ಅವನ ಹೆಸರು ಲಿನಸ್ ಟೊರ್ವಾಲ್ಡ್ಸ್, ವಯಸ್ಸು 21. ಮುಂದಿನ ವರ್ಷ ಅದನ್ನು ಗ್ನು ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟ. ಇಂದು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದು ಅದೇ ಲಿನಕ್ಸ್ ಕರ್ನೆಲ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿ ಪ್ರಕಟವಾಗುತ್ತದಲ್ಲ, 2017ರ ನವೆಂಬರ್‌ನಿಂದ ಆ ಪಟ್ಟಿಯ ಅಷ್ಟೂ ಯಂತ್ರಗಳು ಲಿನಕ್ಸ್‌ನಲ್ಲಿಯೇ ನಡೆಯುತ್ತಿವೆ. ಗೆಳೆಯರೇ, ನಮಗಿಂತ ನಾಲ್ಕೇ ವರ್ಷ ದೊಡ್ಡವನೊಬ್ಬ ಶುರು ಮಾಡಿದ ಕೆಲಸವಿದು!

'ಪುಕ್ಕಟೆ ಕೊಟ್ಟರೆ ಅವರಿಗೇನು ಲಾಭ?' ಎಂದು ನಮ್ಮ ತರಗತಿಯಲ್ಲಿ ಹಲವರು ನನ್ನನ್ನು ಕೇಳಿದ್ದಾರೆ. ನನಗೆ ಇದು ಅರ್ಥವಾದದ್ದು ಅಂಗಡಿಯಲ್ಲಿಯೇ. ಅಬ್ಬಾ ಬಳಿ ಇರುವ ಅರ್ಜಿ ನಮೂನೆಗಳನ್ನು ಅವರೊಬ್ಬರೇ ಬರೆದದ್ದಲ್ಲ. ಕೆಲವನ್ನು ಸುರಪುರದ ಒಬ್ಬ ಹಿರಿಯ ಟೈಪಿಸ್ಟ್ ಕೊಟ್ಟಿದ್ದರು. ಅಬ್ಬಾ ಅವುಗಳಲ್ಲಿ ತಪ್ಪು ತಿದ್ದಿ, ಹೊಸ ಕಲಂ ಸೇರಿಸಿ, ಯಾದಗಿರಿಯ ಇನ್ನೊಬ್ಬರಿಗೆ ಕೊಟ್ಟರು. ಅವರು ಮತ್ತೇನೋ ಸುಧಾರಿಸಿ ವಾಪಸ್ ಕಳಿಸಿದರು. ಯಾರೂ ಯಾರಿಗೂ ದುಡ್ಡು ಕೇಳಲಿಲ್ಲ, ಮೂರೂ ಅಂಗಡಿಗಳು ನಡೆದವು. ದುಡ್ಡು ಬಂದದ್ದು ಟೈಪ್ ಮಾಡಿಕೊಟ್ಟ ಕೆಲಸಕ್ಕೆ. ಲಿನಕ್ಸ್ ಲೋಕದಲ್ಲಿಯೂ ಸ್ವಯಂಸೇವಕರಿದ್ದಾರೆ, ಸಂಬಳಕ್ಕೆ ಬರೆಯುವ ಕಂಪನಿಗಳ ಎಂಜಿನಿಯರ್‌ಗಳೂ ಇದ್ದಾರೆ. ಅವರ ದುಡಿಮೆಗೆ ಬೆಲೆ ಸಿಗುತ್ತದೆ, ನಮೂನೆ ಮಾತ್ರ ಎಲ್ಲರದಾಗಿ ಉಳಿಯುತ್ತದೆ.

ಅಬ್ಬಾ ಅವರಿಗೆ ಲಿನಕ್ಸ್ ಒಪ್ಪಿಸಲು ನನಗೆ ಕಷ್ಟವಾದದ್ದು ಕನ್ನಡದ ವಿಷಯದಲ್ಲಿ. ಅವರ ಹಳೆಯ ಫೈಲ್‌ಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅವನ್ನು ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯಾಕೆಂದರೆ ಆ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರ್‌ಗೆ ಅದು ಕನ್ನಡ ಎಂಬುದೇ ಗೊತ್ತಿರುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಅಂಗಿ ತೊಡಿಸಿರುತ್ತಾರೆ, ಅಷ್ಟೇ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಂದರೆ ಲಿನಕ್ಸ್ ಹುಟ್ಟಿದ ವರ್ಷವೇ.

ಹಳೆಯ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಮಾಡಿ ಮುಕ್ತವಾಗಿ ಇಟ್ಟಿದ್ದಾರೆ. ಎರಡು ಭಾನುವಾರ ಕುಳಿತು ನಾನು ಅಬ್ಬಾ ಅವರ ನಮೂನೆಗಳನ್ನು ಬದಲಿಸಿದೆ. ಕೆಲವು ಒತ್ತಕ್ಷರಗಳು ಕೆಟ್ಟವು, ಕೈಯಿಂದ ತಿದ್ದಿದೆ. ಟೈಪ್ ಮಾಡುವುದು ಹೇಗೆ ಎಂದು ಅಬ್ಬಾ ಚಿಂತಿಸಿದರು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿ ತೆರೆದರೆ 'ಕನ್ನಡ ಕಗಪ' ಅಲ್ಲಿಯೇ ಇತ್ತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ಬಳಸುವ ಅದೇ ಕೀಲಿ ಜೋಡಣೆ. ಅಬ್ಬಾ ಬೆರಳಿಟ್ಟು, ನೋಡದೆಯೇ 'ಗೆ, ಮಾನ್ಯ ತಹಶೀಲ್ದಾರರು' ಎಂದು ಹೊಡೆದರು. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ.

ಮನೆಯಲ್ಲಿ ನಾವು ಆಡುವುದು ದಖನಿ. ಅಮ್ಮಿ ಓದಿದ್ದು ಉರ್ದು ಶಾಲೆಯಲ್ಲಿ, ಐದನೆಯ ತರಗತಿವರೆಗೆ. ಅವರ ಹೆಸರನ್ನು ಉರ್ದುವಿನಲ್ಲಿ ಟೈಪ್ ಮಾಡಿ ತೋರಿಸಿದೆ. "ಇದು ನಮ್ಮ ಬರವಣಿಗೆ ಅಲ್ಲ" ಅಂದುಬಿಟ್ಟರು. ಅಕ್ಷರ ಸರಿಯಾಗಿದ್ದರೂ ಅದು ಅರಬಿ ಪುಸ್ತಕಗಳಲ್ಲಿರುವ ನಸ್ಖ್ ಶೈಲಿಯಲ್ಲಿತ್ತು. ಉರ್ದು ಓದುವವರ ಕಣ್ಣಿಗೆ ಒಗ್ಗಿರುವುದು ಓರೆಯಾಗಿ ಇಳಿಯುವ ನಸ್ತಾಲೀಖ್. 'ನೋಟೊ ನಸ್ತಾಲೀಖ್ ಉರ್ದು' ಎಂಬ ಮುಕ್ತ ಫಾಂಟ್ ಹಾಕಿ ಮತ್ತೆ ತೋರಿಸಿದೆ. ಅಮ್ಮಿ ಪರದೆಯ ಹತ್ತಿರ ಬಂದು ತಮ್ಮ ಹೆಸರನ್ನು ಬೆರಳಿನಿಂದ ಮುಟ್ಟಿ ಓದಿದರು. ಯಾರೋ ಎಲ್ಲಿಯೋ ಕುಳಿತು ಈ ಅಕ್ಷರಗಳನ್ನು ತಿದ್ದಿ ತೀಡಿದ್ದಾರೆ. ಅವರಿಗೆ ಶಹಾಪುರ ಗೊತ್ತಿಲ್ಲ, ಅಮ್ಮಿಯೂ ಗೊತ್ತಿಲ್ಲ.

ಇನ್ನು ಆನ್‌ಲೈನ್ ಸಮುದಾಯದ ಮಾತು. ನಮ್ಮ ಅಂಗಡಿಯ ಪ್ರಿಂಟರ್ ಲಿನಕ್ಸ್‌ನಲ್ಲಿ ಕೆಲಸ ಮಾಡಲಿಲ್ಲ. ಲಿನಕ್ಸ್ ಬಳಕೆದಾರರು ಒಬ್ಬರಿಗೊಬ್ಬರು ಸಹಾಯ ಮಾಡುವ ಒಂದು ತಾಣಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ, ದೊಡ್ಡಕ್ಷರದ ಇಂಗ್ಲಿಷ್‌ನಲ್ಲಿ, 'ಪ್ರಿಂಟರ್ ನಡೆಯುತ್ತಿಲ್ಲ, ಅರ್ಜೆಂಟ್, ಬೇಗ ಹೇಳಿ' ಎಂದು ಬರೆದೆ. ಬೆಳಿಗ್ಗೆ ನೋಡಿದರೆ ಉತ್ತರದ ಬದಲು ನಾಲ್ಕು ಪ್ರಶ್ನೆಗಳು. ಯಾವ ಪ್ರಿಂಟರ್? ಯಾವ ಆವೃತ್ತಿ? ಈವರೆಗೆ ಏನೇನು ಮಾಡಿ ನೋಡಿದಿರಿ? ಈ ಕಮಾಂಡ್ ಕೊಟ್ಟರೆ ಏನು ಬರುತ್ತದೆ? ನನಗೆ ಸಿಟ್ಟು ಬಂತು. ನನ್ನ ಇಂಗ್ಲಿಷ್ ನೋಡಿ ಕೀಳಾಗಿ ಕಂಡರೆಂದುಕೊಂಡೆ. ಭಾಯಿಜಾನ್‌ಗೆ ಫೋನ್ ಮಾಡಿದರೆ ಅವರು, "ಡಾಕ್ಟರ್ ಹತ್ರ ಹೋಗಿ ನೋವು ಅಂದ್ರ, ಎಲ್ಲಿ ನೋವು ಅಂತ ಕೇಳ್ತಾರೋ ಇಲ್ಲೋ?" ಅಂದರು. ಮತ್ತೆ ಕುಳಿತು ಎಲ್ಲವನ್ನೂ ಸಾಲಾಗಿ ಬರೆದೆ. ಮೂರು ದಿನ ಮೂವರು ಅಪರಿಚಿತರು ನನ್ನ ಜೊತೆ ತಲೆಕೆಡಿಸಿಕೊಂಡರು. ಕೊನೆಗೆ ಡ್ರೈವರ್ ಕೂಡಿಕೊಂಡಿತು. ಆಗ ಅವರಲ್ಲೊಬ್ಬರು, ಪರಿಹಾರವನ್ನು ಪೂರ್ತಿ ಬರೆದಿಡು, ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದರು. ಬರೆದಿಟ್ಟೆ. ನಾಲ್ಕು ತಿಂಗಳ ನಂತರ ಯಾವುದೋ ದೇಶದ ಒಬ್ಬರು ಅದರ ಕೆಳಗೆ ಧನ್ಯವಾದ ಹೇಳಿದ್ದರು. ರೀಲ್ಸ್‌ಗೆ ಬಿದ್ದ ಯಾವ ಲೈಕ್ ಕೂಡ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಈಗ ಹೇಳಬೇಕಾದ ಒಂದು ಮಾತಿದೆ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆ ಸಮಯ. ಎರಡು ದಿನದಿಂದ ಮಳೆ ಹಿಡಿದಿತ್ತು. ರಾತ್ರಿ ನನ್ನ ಫೋನಿಗೆ, ಮಳೆಯ ಕಾರಣ ನಾಳೆ ಶಾಲಾ ಕಾಲೇಜುಗಳಿಗೆ ರಜೆ ಎಂಬ ಆದೇಶದ ಚಿತ್ರ ಬಂತು. ಮೊಹರು ಇತ್ತು, ಸಹಿ ಇತ್ತು. ನಾನು ಎರಡು ಸೆಕೆಂಡ್ ಕೂಡ ನೋಡದೆ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ತಳ್ಳಿದೆ. ಹತ್ತಾರು ಜನ ಖುಷಿಯ ಎಮೋಜಿ ಹಾಕಿದರು. ಒಂದು ಗಂಟೆ ಬಿಟ್ಟು ಯಾರೋ, ಇದು ಹೋದ ವರ್ಷದ್ದು, ದಿನಾಂಕ ನೋಡಿ ಎಂದು ಬರೆದರು. ಊರಲ್ಲಿದ್ದವರು ಅದನ್ನು ಓದಿ ಮರುದಿನ ಪರೀಕ್ಷೆಗೆ ಬಂದರು. ನನ್ನ ಬೆಂಚಿನ ಗೆಳೆಯ ಬರಲಿಲ್ಲ. ಅವನದು ಗೋಗಿಯ ಆಚೆ ಒಂದು ಹಳ್ಳಿ. ಮೊದಲ ಸಂದೇಶ ನೋಡಿ ಮಲಗಿದ್ದ. ಆಮೇಲೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಬೆಳಗಿನ ಬಸ್ಸು ಅವನನ್ನು ಬಿಟ್ಟು ಬಂತು. ಗಣಿತದ ಪತ್ರಿಕೆ ತಪ್ಪಿತು. ತರಗತಿಯಲ್ಲಿ ಗಣಿತಕ್ಕೆ ಅವನೇ ಮುಂದು.

ಅವನ ತಂದೆ, "ಓದೋದಾದ್ರ ನೆಟ್ಟಗ ಓದು, ಇಲ್ಲಾಂದ್ರ ಹತ್ತಿ ಬಿಡಸಾಕ ಬಾ" ಎಂದರಂತೆ. ಅವನು ನನ್ನನ್ನು ಕೇಳಿದ್ದು ಒಂದೇ ಮಾತು: "ತಾರೀಖು ನೋಡಿರಲಿಲ್ಲೇನು?" ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ನಾನೇನ್ ಬರ್ದದ್ದಲ್ಲಲೇ, ಫಾರ್ವರ್ಡ್ ಮಾಡಿದ್ದಷ್ಟ" ಎಂದಿದ್ದೆ. ಅವನು ಬೇರೆ ಬೆಂಚಿಗೆ ಹೋಗಿ ಕುಳಿತ.

ಎರಡು ತಿಂಗಳ ನಂತರ ಲಿನಕ್ಸ್ ಕರ್ನೆಲ್‌ಗೆ ಕೋಡ್ ಹೇಗೆ ಸೇರುತ್ತದೆ ಎಂದು ಓದುತ್ತಿದ್ದೆ. ಅದರಲ್ಲಿ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ, ಬರೆದವರು ಸಾವಿರಾರು ಜನ. 2004ರಿಂದ ಅಲ್ಲಿ ಒಂದು ಪದ್ಧತಿ ಇದೆ. ಯಾರೇ ಬದಲಾವಣೆ ಕಳಿಸಿದರೂ ಕೊನೆಗೆ 'ಸೈನ್ಡ್ ಆಫ್ ಬೈ' ಎಂದು ಬರೆದು ತಮ್ಮ ಹೆಸರು, ಇಮೇಲ್ ಹಾಕಬೇಕು. ಇದನ್ನು ಕೊಡುವ ಹಕ್ಕು ನನಗಿದೆ, ಇದು ಎಲ್ಲಿಂದ ಬಂತೆಂಬುದಕ್ಕೆ ನಾನು ಹೊಣೆ ಎಂದು ಅದರ ಅರ್ಥ. ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಮಾತು. ಬರೆದವರಷ್ಟೇ ಅಲ್ಲ, ಅದನ್ನು ಸ್ವೀಕರಿಸಿ ಮುಂದಕ್ಕೆ ದಾಟಿಸುವವರೂ ಅದರ ಕೆಳಗೆ ತಮ್ಮ ಹೆಸರು ಸೇರಿಸಬೇಕು. ಅಂದರೆ ಅಲ್ಲಿ 'ಫಾರ್ವರ್ಡ್ ಮಾಡಿದ್ದಷ್ಟೇ' ಎಂಬ ಮಾತೇ ಇಲ್ಲ. 2005ರಲ್ಲಿ ಟೊರ್ವಾಲ್ಡ್ಸ್ ಬರೆದ 'ಗಿಟ್' ಎಂಬ ತಂತ್ರಾಂಶದಲ್ಲಿ ಯಾವ ಸಾಲನ್ನು ಯಾರು ಯಾವಾಗ ಸೇರಿಸಿದರು ಎಂಬುದನ್ನು ಈಗಲೂ ತೆಗೆದು ನೋಡಬಹುದು. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲಿಯೂ ಪ್ರತಿ ಲೇಖನಕ್ಕೆ ಇಂಥ ಇತಿಹಾಸದ ಪುಟ ಇದೆ.

ನಮ್ಮ ಭಾಗದಲ್ಲಿಯೇ ನಡೆದ ಒಂದು ಘಟನೆ ನೆನಪಿಸಿಕೊಳ್ಳಿ. 2018ರ ಜುಲೈನಲ್ಲಿ ಹೈದರಾಬಾದಿನ ಯುವಕರು ಬೀದರ್ ಜಿಲ್ಲೆಗೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇಹೋದರು. ಅದಾದ ಕೆಲವೇ ದಿನಗಳಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ದೇಶದ ಬೇರೆ ಬೇರೆ ಕಡೆಯೂ ಇಂಥ ಸಾವುಗಳಾಗಿದ್ದವು. ಆ ಸಂದೇಶ ಕಳಿಸಿದವರಲ್ಲಿ ಬಹಳ ಜನ ಕೆಟ್ಟವರೇನೂ ಆಗಿರಲಾರರು. ನನ್ನ ಹಾಗೆಯೇ ಎರಡು ಸೆಕೆಂಡ್ ನೋಡದವರು. ಒಂದು ಪತ್ರಿಕೆ ತಪ್ಪುವುದಕ್ಕೂ ಒಂದು ಜೀವ ಹೋಗುವುದಕ್ಕೂ ಅಜಗಜಾಂತರವಿದೆ, ಆದರೆ ಬೆರಳು ಮಾಡುವ ಕೆಲಸ ಎರಡರಲ್ಲೂ ಅದೇ.

ಲಿನಕ್ಸ್ ಲೋಕದಲ್ಲಿ ಎಲ್ಲರೂ ಸಾಧುಗಳೆಂದು ನಾನು ಹೇಳುತ್ತಿಲ್ಲ. ಯಾವ ಲಿನಕ್ಸ್ ಮೇಲು ಎಂದು ಅಲ್ಲಿ ದಿನವೂ ಜಗಳ. ಹೊಸಬರನ್ನು ಗೇಲಿ ಮಾಡುವವರಿದ್ದಾರೆ. ಸ್ವತಃ ಟೊರ್ವಾಲ್ಡ್ಸ್ ವರ್ಷಗಟ್ಟಲೆ ಇತರ ಪ್ರೋಗ್ರಾಮರ್‌ಗಳನ್ನು ಇಮೇಲ್‌ಗಳಲ್ಲಿ ಕಟುವಾಗಿ ಬೈಯುತ್ತಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಅವರು ತಮ್ಮ ನಡವಳಿಕೆಗೆ ಎಲ್ಲರೆದುರು ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದರು. ಅದೇ ಸಮಯಕ್ಕೆ ಕರ್ನೆಲ್ ಸಮುದಾಯ ಹೊಸ ನಡವಳಿಕೆ ಸಂಹಿತೆಯನ್ನೂ ಒಪ್ಪಿಕೊಂಡಿತು. ಅಷ್ಟು ದೊಡ್ಡವರಿಗೆ ಕೇಳಲು ಸಾಧ್ಯವಾದ ಕ್ಷಮೆ ನನಗೇಕೆ ಕಷ್ಟ?

ಮರುದಿನ ನಾನು ತರಗತಿಯ ಗುಂಪಿನಲ್ಲಿಯೇ ಬರೆದೆ. 'ಆ ರಜೆಯ ಆದೇಶ ಹಾಕಿದ್ದು ನಾನು. ದಿನಾಂಕ ನೋಡಿರಲಿಲ್ಲ. ತಪ್ಪು ನನ್ನದು' ಎಂದು ಬರೆದು ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಗೆಳೆಯ ಉತ್ತರ ಬರೆಯಲಿಲ್ಲ. ಒಂದು ವಾರ ಬಿಟ್ಟು ಅಂಗಡಿಗೆ ಬಂದ. ಅವನ ತಂದೆಯ ಪಹಣಿಯಲ್ಲಿ ಹೆಸರು ತಪ್ಪಾಗಿತ್ತು, ಅರ್ಜಿ ಬೇಕಿತ್ತು. ಅಬ್ಬಾ ನನ್ನ ಕಡೆ ನೋಡಿ, "ನೀನ ಹೊಡಿ" ಅಂದರು. ನಾನು ಟೈಪ್ ಮಾಡಿದೆ. ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದವನು, "ಇದೇನ್ ಬ್ಯಾರೆ ಕಾಣ್ತದಲ್ಲೋ ಕಂಪ್ಯೂಟರು?" ಎಂದು ಕೇಳಿದ. ಆಮೇಲೆ ಅಂಗಡಿ ಮುಚ್ಚುವವರೆಗೆ ಹೋಗಲಿಲ್ಲ. ಈಗ ಪೈಥಾನ್‌ನಲ್ಲಿ ಅವನು ನನಗಿಂತ ಮುಂದಿದ್ದಾನೆ.

ಲಿನಕ್ಸ್‌ನಿಂದ ಎಲ್ಲವೂ ಆಗುತ್ತದೆ ಎಂದರೆ ಸುಳ್ಳಾಗುತ್ತದೆ. ಅಬ್ಬಾ ಅವರ ಬೆರಳಚ್ಚು ಯಂತ್ರ ಅದರಲ್ಲಿ ನಡೆಯಲಿಲ್ಲ. ಕೆಲವರು ಈಗಲೂ ಹಳೆಯ ನುಡಿ ಫಾಂಟ್‌ನಲ್ಲಿಯೇ ಫೈಲ್ ಕೇಳುತ್ತಾರೆ. ಹಾಗಾಗಿ ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟಿದ್ದೇವೆ. ಆದರೆ ಹೊರಗಿನ ಪೆನ್ ಡ್ರೈವ್‌ಗಳನ್ನು ಅಬ್ಬಾ ಲಿನಕ್ಸ್‌ನಲ್ಲಿ ಮಾತ್ರ ತೆರೆಯುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ವಿಂಡೋಸ್ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಗುಜರಿಗೆ ಹಾಕುವ ಮೊದಲು ಅವುಗಳಲ್ಲಿ ಲಿನಕ್ಸ್ ಹಾಕಿ ನೋಡಬಹುದು. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲಿಯೇ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ. ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಸ್ವಯಂಸೇವಕರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಕಟ್ಟಿ, ಮುಕ್ತ ತಂತ್ರಾಂಶದಲ್ಲಿಯೇ ಅಲ್ಲಿನ ಮಕ್ಕಳಿಗೆ ಕಲಿಸಿದರು. ಅವರಿಂದ ಆದದ್ದು ನಮ್ಮಿಂದಲೂ ಆಗುತ್ತದೆ.

ಗೆಳೆಯರೇ, ಆಸಕ್ತಿ ಇದ್ದವರು ಶನಿವಾರ ಮಧ್ಯಾಹ್ನ 8 ಜಿಬಿಯ ಒಂದು ಪೆನ್ ಡ್ರೈವ್ ತೆಗೆದುಕೊಂಡು ಕಂಪ್ಯೂಟರ್ ಲ್ಯಾಬ್‌ಗೆ ಬನ್ನಿ. ಸರ್ ಒಪ್ಪಿಗೆ ಕೊಟ್ಟಿದ್ದಾರೆ. ನಾನು ಮತ್ತು ನನ್ನ ಬೆಂಚಿನ ಗೆಳೆಯ ಅಲ್ಲಿರುತ್ತೇವೆ. ಪೆನ್ ಡ್ರೈವ್‌ನಲ್ಲಿ ಬೇಕಾದದ್ದು ಏನಾದರೂ ಇದ್ದರೆ ಮೊದಲು ಬೇರೆ ಕಡೆ ಇಟ್ಟುಕೊಳ್ಳಿ, ಎಲ್ಲವೂ ಅಳಿಸಿಹೋಗುತ್ತದೆ. ಇನ್ನು ಮಳೆಗಾಲದಲ್ಲಿ ರಜೆಯ ಆದೇಶ ಬಂದರೆ, ಖುಷಿಪಡುವ ಮೊದಲು ದಯವಿಟ್ಟು ದಿನಾಂಕ ನೋಡಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ